ಮಕ್ಕಳ ಜ್ವರಕ್ಕೆ ಎಪಿಎಲ್–ಬಿಪಿಎಲ್ ಎಂಬುದುಂಟೇ?

‘ಇವತ್ತು ಒಂದು ದಿನ ನೋಡುವಾ, ಕಡಿಮೆಯಾಗದಿದ್ದರೆ ನಾಳೆ ಡಾಕ್ಟರ ಹತ್ತಿರ ಹೋಗುವಾ.’ ಮಗುವಿಗೆ ಜ್ವರವೋ ಕೆಮ್ಮೋ ಬಂದಾಗ ನಮ್ಮ ಮನೆಗಳಲ್ಲಿ ಹೆಚ್ಚು ಕೇಳಿಬರುವ ಮಾತು ಇದು. ಹೀಗೆ ಹೇಳುವ ತಂದೆ-ತಾಯಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆ ಎಂದು ಯಾರೂ ಹೇಳಲಾರರು. ಡಾಕ್ಟರ ಫೀಸು, ರಕ್ತ ಪರೀಕ್ಷೆ, ಔಷಧಿ, ಆಟೋ ಬಾಡಿಗೆ, ಅರ್ಧ ದಿನ ಅಂಗಡಿ ಬಾಗಿಲು ಹಾಕಿದ ನಷ್ಟ, ಇಷ್ಟನ್ನೂ ಅವರು ಮನಸ್ಸಿನಲ್ಲೇ ಕೂಡಿಸಿ ನೋಡಿರುತ್ತಾರೆ. ಹೆಚ್ಚಿನ ಸಲ ಮರುದಿನ ಜ್ವರ ಇಳಿದಿರುತ್ತದೆ. ಇಳಿಯದೇ ಹೋದ ಕೆಲವು ಸಲ ಆ ಒಂದು ದಿನದ ಬೆಲೆ ಬಹಳ ದೊಡ್ಡದಾಗುತ್ತದೆ.

ಸರ್ಕಾರದ ಆರೋಗ್ಯ ವಿಮೆ ಬಂದ ಮೇಲೆ ಈ ‘ನೋಡುವಾ’ ಕಡಿಮೆಯಾಗಬೇಕಿತ್ತು ಅಲ್ವಾ? ಯಾಕೆ ಆಗಿಲ್ಲ ಎಂಬುದೇ ಇಂದಿನ ವಿಷಯ. ನಮ್ಮ ವಿಮೆ ಮಗು ಆಸ್ಪತ್ರೆಗೆ ಸೇರುವವರೆಗೆ ಬಾಗಿಲು ತೆರೆಯುವುದಿಲ್ಲ. ತೆರೆದ ಮೇಲೂ ಕೆಲವರಿಗೆ ‘ನಿಮ್ಮ ಪಾಲಿನ ಹಣ ಎಲ್ಲಿ?’ ಎಂದು ಕೇಳುತ್ತದೆ. ದೊಡ್ಡವರ ವಿಷಯದಲ್ಲಿ ಇದಕ್ಕೆ ಏನಾದರೂ ಸಮರ್ಥನೆ ಕೊಡಬಹುದು. ಮಕ್ಕಳ ವಿಷಯದಲ್ಲಿ ಕೊಡಲಾಗದು.

ಕರಾವಳಿಯಿಂದ ಘಟ್ಟ ಹತ್ತಿ ಬಂದು ಮೈಸೂರು ಕಡೆಯ ಊರುಗಳಲ್ಲಿ ಬೇಕರಿ, ಹೋಟೆಲ್, ಸಣ್ಣಪುಟ್ಟ ವ್ಯಾಪಾರ ಮಾಡಿಕೊಂಡಿರುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಮುಡುಕುತೊರೆಯನ್ನೇ ತೆಗೆದುಕೊಳ್ಳಿ. ತಿ. ನರಸೀಪುರ ತಾಲೂಕಿನಲ್ಲಿ, ಕಾವೇರಿ ದಡದಲ್ಲಿ, ತಲಕಾಡಿನ ಪಕ್ಕದ ಊರು. ಬೆಟ್ಟದ ಮೇಲಿನ ಮಲ್ಲಿಕಾರ್ಜುನ ಸ್ವಾಮಿ ದೇವಸ್ಥಾನದ ಜಾತ್ರೆಗೆ, ದನಗಳ ಪರಿಷೆಗೆ ಹೆಸರಾದದ್ದು. ಜಾತ್ರೆಯ ದಿನಗಳಲ್ಲಿ ಕಾಲಿಡಲು ಜಾಗವಿಲ್ಲ, ಉಳಿದ ದಿನ ಶಾಂತ. ಇಲ್ಲಿ ರಾತ್ರಿ ಮಗುವಿಗೆ ಉಬ್ಬಸ ಬಂದರೆ ಮಕ್ಕಳ ಡಾಕ್ಟರಿಗಾಗಿ ತಿ. ನರಸೀಪುರಕ್ಕೆ ಹೋಗಬೇಕು. ಅಲ್ಲಿ ‘ಮೈಸೂರಿಗೆ ಕರ್ಕೊಂಡು ಹೋಗಿ’ ಎಂದರೆ ಚೆಲುವಾಂಬ ಆಸ್ಪತ್ರೆ. ಅದು 40 ಕಿ.ಮೀ.ಗೂ ಆಚೆ. ಚೆಲುವಾಂಬ ಸರ್ಕಾರಿ ಆಸ್ಪತ್ರೆ, ಹೆಂಗಸರು-ಮಕ್ಕಳಿಗೆಂದೇ ಇರುವುದು. ಮೈಸೂರು ಮಾತ್ರವಲ್ಲ, ಮಂಡ್ಯ, ಚಾಮರಾಜನಗರ, ಕೊಡಗಿನವರೂ ಅಲ್ಲಿಗೇ ಬರುತ್ತಾರೆ. ನಮ್ಮ ಕಡೆಗೆ ವೆನ್ಲಾಕ್, ಲೇಡಿಗೋಷನ್ ಹೇಗೋ ಹಾಗೆ.

ಈಗ ವಿಮೆಯ ಲೆಕ್ಕಕ್ಕೆ ಬರುವಾ. ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ ‘ಆರೋಗ್ಯ ಕರ್ನಾಟಕ’ ಯೋಜನೆ ಬಂತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿ ಒಂದಾಯಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಮನೆಯಲ್ಲಿ ಎಷ್ಟು ಜನ ಇದ್ದರೂ ಸರಿ, ವಯಸ್ಸಿನ ಮಿತಿ ಇಲ್ಲ. ಹಿಂದೆ 2008ರ ಆರ್‌ಎಸ್‌ಬಿವೈ ಕಾರ್ಡಿನಲ್ಲಿ ಕುಟುಂಬಕ್ಕೆ ಐದೇ ಜನ, ವರ್ಷಕ್ಕೆ 30,000 ರೂಪಾಯಿ ಮಾತ್ರ ಇತ್ತು. ನಾಲ್ಕನೇ ಮಗುವಿನ ಹೆಸರು ಬಿಡಬೇಕಾಗುತ್ತಿತ್ತು. ಅದಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ. ಒಪ್ಪಲೇಬೇಕು.

ಆದರೆ ಎಪಿಎಲ್ ಕಾರ್ಡಿನವರಿಗೆ? ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ. ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ ಶೇ. 70 ರೋಗಿಯೇ ಕಟ್ಟಬೇಕು. ಇದಕ್ಕೆ ವಿಮೆಯ ಭಾಷೆಯಲ್ಲಿ ‘ಕೋ-ಪೇಮೆಂಟ್’ ಅಂತ ಹೆಸರು. ಒಂದು ಮಗುವಿನ ಆಪರೇಷನ್‌ಗೆ ಪ್ಯಾಕೇಜ್ ದರ 1 ಲಕ್ಷ ಎಂದಿಟ್ಟುಕೊಳ್ಳಿ. ಬಿಪಿಎಲ್ ಮನೆಯವರು ಕಟ್ಟುವುದು ಸೊನ್ನೆ. ಪಕ್ಕದ ಮನೆಯ ಎಪಿಎಲ್‌ನವರು ಕಟ್ಟುವುದು 70 ಸಾವಿರ. ಆಸ್ಪತ್ರೆಯ ನಿಜವಾದ ಬಿಲ್ಲು ಪ್ಯಾಕೇಜ್ ದರಕ್ಕಿಂತ ಜಾಸ್ತಿ ಆದರೆ ಇನ್ನೂ ಜಾಸ್ತಿ.

‘ಎಪಿಎಲ್‌ನವರು ಅನುಕೂಲಸ್ಥರು, ಕಟ್ಟಲಿ ಬಿಡಿ’ ಎನ್ನುವವರಿದ್ದಾರೆ. ಕಾರ್ಡು ಹೇಗೆ ಎಪಿಎಲ್ ಆಗುತ್ತದೆ ಎಂದು ಸ್ವಲ್ಪ ನೋಡಿ. ವರ್ಷದ ಆದಾಯ 1 ಲಕ್ಷ 20 ಸಾವಿರ ದಾಟಬಾರದು. ಅಂದರೆ ತಿಂಗಳಿಗೆ 10 ಸಾವಿರ. ಸ್ವಂತ ಓಡಾಟಕ್ಕೆ ಒಂದು ಹಳೆ ಕಾರು ಇದ್ದರೂ ಬಿಪಿಎಲ್ ಹೋಯ್ತು. ಬ್ಯಾಂಕ್ ಸಾಲಕ್ಕೆಂದು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದವರೂ ತೆರಿಗೆ ಕಟ್ಟುವವರ ಸಾಲಿಗೆ ಸೇರಿ ತೊಂದರೆಗೆ ಸಿಕ್ಕಿಬಿದ್ದಿದ್ದಾರೆ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡು ರದ್ದಾದಾಗ ಎಷ್ಟು ಗದ್ದಲ ಆಯಿತು ಎಂದು ಎಲ್ಲರಿಗೂ ನೆನಪಿದೆ. ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರದ್ದು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡುತ್ತೇವೆ ಎಂದು ಸರ್ಕಾರವೇ ಹೇಳಬೇಕಾಯಿತು. ಆಗ ಮಾತೆಲ್ಲ ಅಕ್ಕಿಯ ಬಗ್ಗೆ ನಡೆಯಿತು. ಕಾರ್ಡು ಬದಲಾದರೆ ಮಗುವಿನ ಆಸ್ಪತ್ರೆ ಖರ್ಚು ಸೊನ್ನೆಯಿಂದ ಶೇ. 70ಕ್ಕೆ ಹಾರುತ್ತದೆ ಎಂಬುದನ್ನು ಹೆಚ್ಚು ಜನ ಗಮನಿಸಲಿಲ್ಲ.

ನಮ್ಮ ಸಮುದಾಯದಲ್ಲಿ ಈ ನಡುವೆ ಸಿಕ್ಕಿಬಿದ್ದವರು ಬಹಳ. ಗಲ್ಫ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಮನೆ ಕಟ್ಟಿಸಿದವರು, ಕಾರು ತೆಗೆದವರು. ಆಮೇಲೆ ಕೆಲಸ ಬಿಟ್ಟು ಬಂದು ಒಂದು ಸಣ್ಣ ಅಂಗಡಿ ಇಟ್ಟರು. ಕಾಗದದಲ್ಲಿ ಅನುಕೂಲಸ್ಥರು, ಕೈಯಲ್ಲಿ ಕಾಸಿಲ್ಲ. ಅವರಿಗೆ ಅತ್ತ ಬಿಪಿಎಲ್ ಇಲ್ಲ, ಇತ್ತ ಖಾಸಗಿ ವಿಮೆಯ ಪ್ರೀಮಿಯಂ ಕಟ್ಟಲಾಗುವುದಿಲ್ಲ.

ಖಾಸಗಿ ವಿಮೆ ಕಟ್ಟಿದವರ ಕಥೆಯೂ ಪೂರ್ತಿ ಸುಖವಾಗಿಲ್ಲ. ಹಲವು ಪಾಲಿಸಿಗಳಲ್ಲಿ ಮಗುವನ್ನು ಸೇರಿಸುವುದೇ ಹುಟ್ಟಿ 90 ದಿನ ಕಳೆದ ಮೇಲೆ. ಸಾಮಾನ್ಯ ಪಾಲಿಸಿ ಕನಿಷ್ಠ 24 ಗಂಟೆ ಅಡ್ಮಿಟ್ ಆಗದೆ ಹಣ ಕೊಡುವುದಿಲ್ಲ. ಡೇ-ಕೇರ್ ಪಟ್ಟಿಯಲ್ಲಿರುವ ಚಿಕಿತ್ಸೆಗಳು ಮಾತ್ರ ಹೊರತು. ಇಷ್ಟು ಮೊತ್ತದವರೆಗೆ ನಿಮ್ಮದೇ, ಅದರ ಮೇಲೆ ಬಂದದ್ದು ನಮ್ಮದು ಎಂಬ ಡಿಡಕ್ಟಿಬಲ್ ಕೆಲವರಲ್ಲಿ. ರೂಮ್ ಬಾಡಿಗೆ ಮಿತಿ ದಾಟಿದರೆ ಇಡೀ ಬಿಲ್ಲಿನಲ್ಲೇ ಕಡಿತ ಮಾಡುವ ಷರತ್ತು ಇನ್ನು ಕೆಲವರಲ್ಲಿ. ಪಾಲಿಸಿ ಮಾರುವಾಗ ಇದನ್ನೆಲ್ಲ ಯಾರೂ ಬಿಡಿಸಿ ಹೇಳುವುದಿಲ್ಲ. ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಬಿಪಿಎಲ್ ಆಗಲಿ ಎಪಿಎಲ್ ಆಗಲಿ, ಸರ್ಕಾರದ ಈ ವಿಮೆ ಇರುವುದು ಆಸ್ಪತ್ರೆಗೆ ಸೇರಿದವರಿಗೆ. ಡಾಕ್ಟರನ್ನು ತೋರಿಸಿ, ಔಷಧಿ ತೆಗೆದುಕೊಂಡು ಮನೆಗೆ ಬರುವ ಹೊರರೋಗಿಗೆ ಅಲ್ಲ. ಮಕ್ಕಳ ಕಾಯಿಲೆ ಎಂದರೆ ಹತ್ತರಲ್ಲಿ ಒಂಬತ್ತು ಸಲ ಇದೇ ಅಲ್ವಾ? ಜ್ವರ, ಕೆಮ್ಮು, ಭೇದಿ, ಕಿವಿ ಸೋರುವುದು, ಹುಳುಕು ಹಲ್ಲು, ಚರ್ಮದ ಗುಳ್ಳೆ. ಇವುಗಳಲ್ಲಿ ಯಾವುದಕ್ಕೂ ಕಾರ್ಡು ಕೆಲಸಕ್ಕೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದರೆ ಚೀಟಿಗೆ ಸ್ವಲ್ಪ ಹಣ, ಅಲ್ಲಿ ಇಲ್ಲದ ಔಷಧಿಗೆ ಹೊರಗಿನ ಮೆಡಿಕಲ್. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಮತ್ತು ಅದರ ಜೊತೆಗಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ ದರ 10ರಿಂದ 20 ರೂಪಾಯಿಗೆ ಏರಿತು. ‘ಹತ್ತು ರೂಪಾಯಿ ಅಷ್ಟೇ ಅಲ್ವಾ’ ಎನ್ನಬಹುದು. ಆದರೆ ಸಣ್ಣ ಹಣವೂ ಏನು ಮಾಡುತ್ತದೆ ಎಂಬುದಕ್ಕೆ ಪ್ರಪಂಚದಲ್ಲಿ ಬೇಕಾದಷ್ಟು ಸಾಕ್ಷಿ ಇದೆ.

ಕೀನ್ಯಾದಲ್ಲಿ ಶಾಲಾ ಮಕ್ಕಳಿಗೆ ಜಂತುಹುಳದ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದ್ದರು. ಕೆಲವು ಶಾಲೆಗಳಲ್ಲಿ ಪೋಷಕರಿಂದ ಸ್ವಲ್ಪ ಹಣ ತೆಗೆದುಕೊಳ್ಳಲು ಶುರು ಮಾಡಿದರು. ಜನ ತಮ್ಮ ಪಾಲು ಕೊಟ್ಟರೆ ಕಾರ್ಯಕ್ರಮ ಬಾಳುತ್ತದೆ ಎಂಬ ಲೆಕ್ಕ. ಮಾತ್ರೆ ತೆಗೆದುಕೊಳ್ಳುವವರ ಸಂಖ್ಯೆ ಐದರಲ್ಲಿ ನಾಲ್ಕು ಪಾಲು ಬಿದ್ದುಹೋಯಿತು. ಇದನ್ನು ಅಧ್ಯಯನ ಮಾಡಿದವರಲ್ಲಿ ಒಬ್ಬರು ಮೈಕೆಲ್ ಕ್ರೆಮರ್. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಜೊತೆ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅದೇ ಮಾತ್ರೆಯನ್ನು ನಮ್ಮಲ್ಲಿ ಜಂತುಹುಳ ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಒಂದು ಪೈಸೆ ಕೇಳದೆ ಕೊಡುತ್ತಾರೆ. ಹಾಗಾಗಿಯೇ ಅದು ಹಳ್ಳಿಹಳ್ಳಿಯ ಮಕ್ಕಳ ಬಾಯಿಗೆ ತಲುಪುತ್ತಿದೆ.

ಅಮೆರಿಕದಲ್ಲಿ ರ‍್ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ದೊಡ್ಡ ಪ್ರಯೋಗ ನಡೆಸಿತು. 2,700ಕ್ಕೂ ಹೆಚ್ಚು ಕುಟುಂಬಗಳನ್ನು ಬೇರೆ ಬೇರೆ ವಿಮೆಗೆ ಹಾಕಿದರು. ಕೆಲವರಿಗೆ ಪೂರ್ತಿ ಉಚಿತ, ಕೆಲವರು ಬಿಲ್ಲಿನ ಶೇ. 25, 50, ಕೆಲವರು ಶೇ. 95ರವರೆಗೆ ತಾವೇ ಕಟ್ಟಬೇಕು. ಅದಕ್ಕೂ ಒಂದು ಒಟ್ಟು ಮಿತಿ ಇತ್ತು. ಪಾಲು ಕಟ್ಟಬೇಕಾದವರು ಡಾಕ್ಟರ ಬಳಿ ಹೋಗುವುದು ಕಡಿಮೆ ಮಾಡಿದರು. ಸರಾಸರಿ ಮನುಷ್ಯನ ಆರೋಗ್ಯಕ್ಕೆ ಇದರಿಂದ ದೊಡ್ಡ ನಷ್ಟ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಪಾಲು ಕೇಳಬೇಕು ಎನ್ನುವವರು ಯಾವಾಗಲೂ ಎತ್ತಿಹಿಡಿಯುವುದು ಈ ಮಾತನ್ನೇ. ಆದರೆ ಅದೇ ಪ್ರಯೋಗದಲ್ಲಿ ಇನ್ನೆರಡು ಸಂಗತಿ ಕಂಡುಬಂತು. ಒಂದು, ಜನ ಬಿಟ್ಟುಬಿಟ್ಟದ್ದು ಅನಗತ್ಯ ಚಿಕಿತ್ಸೆಯನ್ನು ಮಾತ್ರ ಅಲ್ಲ, ನಿಜವಾಗಿ ಬೇಕಾದ ಚಿಕಿತ್ಸೆಯನ್ನೂ ಹೆಚ್ಚುಕಮ್ಮಿ ಅಷ್ಟೇ ಬಿಟ್ಟರು. ಎರಡು, ಕಡಿಮೆ ಆದಾಯದ ಮನೆಯ ಮಕ್ಕಳಲ್ಲಿ ಈ ಕುಸಿತ ಎಲ್ಲರಿಗಿಂತ ಜೋರಾಗಿತ್ತು.

ತೈವಾನ್‌ನದ್ದು ನಮಗೆ ಇನ್ನೂ ಹತ್ತಿರದ ಉದಾಹರಣೆ. ಅಲ್ಲಿ 1995ರಿಂದ ಎಲ್ಲರಿಗೂ ರಾಷ್ಟ್ರೀಯ ವಿಮೆ ಇದೆ. 2002ರಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಕೋ-ಪೇಮೆಂಟ್ ಮಾಫಿ ಮಾಡಿದರು. ಸಂಶೋಧಕರು ಏನು ಮಾಡಿದರು ಎಂದರೆ, ಮಗುವಿನ ಮೂರನೇ ಹುಟ್ಟಿದ ದಿನದ ಹಿಂದೆ ಮುಂದೆ ಏನಾಗುತ್ತದೆ ಎಂದು ನೋಡಿದರು. ನಿನ್ನೆ ಮೂರು ವರ್ಷ ತುಂಬದ ಮಗು, ಇಂದು ಮೂರು ತುಂಬಿದ ಮಗು. ಒಂದೇ ದಿನದಲ್ಲಿ ಮಗುವಿನ ಆರೋಗ್ಯ ಬದಲಾಗುವುದಿಲ್ಲ. ಬದಲಾದದ್ದು ಕೌಂಟರಿನಲ್ಲಿ ಕೊಡಬೇಕಾದ ಹಣ ಮಾತ್ರ. ಹೊರರೋಗಿ ಭೇಟಿ ಆ ದಿನದಿಂದಲೇ ಕಡಿಮೆಯಾಯಿತು. ಅಡ್ಮಿಟ್ ಆಗುವುದು ಮಾತ್ರ ಬದಲಾಗಲಿಲ್ಲ. ಇದರ ಅರ್ಥ ಸರಳ. ಮಗು ಪೂರ್ತಿ ಬಿದ್ದಾಗ ಯಾರೂ ಹಣದ ಮುಖ ನೋಡುವುದಿಲ್ಲ. ಕೈ ಹಿಡಿದು ಜಗ್ಗುವುದು ಅದಕ್ಕಿಂತ ಮೊದಲಿನ ಹಂತದಲ್ಲಿ.

ನಮ್ಮಲ್ಲೂ ಇಂಥದೇ ಒಂದು ಗೆರೆ ಇದೆ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಮೊದಲು 30 ದಿನದ ಶಿಶುವಿಗೆ, ಆಮೇಲೆ ಒಂದು ವರ್ಷದವರೆಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಪರೀಕ್ಷೆ, ಔಷಧಿ, ವಾಹನ ಎಲ್ಲ ಉಚಿತ. ಯಾವ ಕಾರ್ಡೂ ಕೇಳಬಾರದು. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಮಗುವಿಗೆ ಒಂದು ವರ್ಷ ತುಂಬಿದ ಮರುದಿನದಿಂದ ಈ ಹಕ್ಕು ಇಲ್ಲ. ಒಂದು ವರ್ಷದ ಮಗು ನಡೆಯಲು ಕಲಿಯುತ್ತದೆ, ಕಂಡದ್ದೆಲ್ಲ ಬಾಯಿಗೆ ಹಾಕುತ್ತದೆ, ಅಂಗನವಾಡಿಗೆ ಹೋಗಿ ಎಲ್ಲರ ನೆಗಡಿ ತರುತ್ತದೆ. ಡಾಕ್ಟರು ಹೆಚ್ಚು ಬೇಕಾಗುವ ಕಾಲಕ್ಕೇ ಬಾಗಿಲು ಮುಚ್ಚಿದರೆ ಹೇಗೆ ಮಾರಾಯ್ರೆ?

ಎದುರು ವಾದಕ್ಕೂ ಕಿವಿಕೊಡುವಾ. ‘ಎಲ್ಲ ಉಚಿತ ಮಾಡಿದರೆ ಸಣ್ಣ ನೆಗಡಿಗೂ ಜನ ಸಾಲು ನಿಲ್ಲುತ್ತಾರೆ, ನಿಜವಾಗಿ ಬೇಕಾದವರಿಗೆ ಡಾಕ್ಟರು ಸಿಗುವುದಿಲ್ಲ’ ಎನ್ನುತ್ತಾರೆ. ಇದರಲ್ಲಿ ಸುಳ್ಳೇನಿಲ್ಲ. ಜಪಾನಿನಲ್ಲಿ ಮಕ್ಕಳ ಚಿಕಿತ್ಸೆ ಉಚಿತ ಮಾಡಿದ ಕಡೆ ಬೇಡದ ಆ್ಯಂಟಿಬಯೋಟಿಕ್ ಕೊಡುವುದೂ ಹೆಚ್ಚಿತು ಎಂದು ಅಲ್ಲಿನ ಸಂಶೋಧಕರೇ ಬರೆದಿದ್ದಾರೆ. ಆದರೆ ಕಫ ಕಟ್ಟಿದ್ದು ಸಾಮಾನ್ಯ ನೆಗಡಿಯೋ ನ್ಯುಮೋನಿಯಾದ ಶುರುವೋ ಎಂದು ತಾಯಿಗೆ ಹೇಗೆ ಗೊತ್ತಾಗಬೇಕು? ಡಾಕ್ಟರು, ಆಶಾ ಕಾರ್ಯಕರ್ತೆಯರು ಮಗುವಿನ ಉಸಿರು ಎಣಿಸಿ ನೋಡುತ್ತಾರೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚು ಸಲ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅಪಾಯದ ಸೂಚನೆ. ಹಾಲು ಕುಡಿಯದಿದ್ದರೆ, ಎದೆಗೂಡು ಒಳಗೆ ಎಳೆದರೆ ಒಂದು ಗಳಿಗೆಯೂ ಕಾಯಬಾರದು. ಇದನ್ನು ನೋಡುವುದಕ್ಕೇ ಡಾಕ್ಟರ ಹತ್ತಿರ ಹೋಗುವುದು. ಕೌಂಟರಿನ ಹಣ ನೆಗಡಿಯ ಮಗುವನ್ನೂ ತಡೆಯುತ್ತದೆ, ನ್ಯುಮೋನಿಯಾದ ಮಗುವನ್ನೂ ತಡೆಯುತ್ತದೆ. ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗುಂಪು ತಡೆಯಬೇಕಾದರೆ ಬೇರೆ ದಾರಿ ಇದೆ. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಬೇಕಾದರೆ ತಾಲೂಕು, ಆಮೇಲೆ ಜಿಲ್ಲೆ. ರೆಫರಲ್ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ, ವೆನ್ಲಾಕ್‌ನ ರೆಫರಲ್ ಲೆಟರ್ ಎಂದರೆ ಏನು ಎಂದು ದಕ್ಷಿಣ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಬೇಡದ ಆ್ಯಂಟಿಬಯೋಟಿಕ್ ತಡೆಯಬೇಕಾದದ್ದು ಬರೆಯುವ ಡಾಕ್ಟರ ಕೈಯನ್ನು ಹಿಡಿದು, ತಾಯಿಯ ಕೈಯನ್ನಲ್ಲ.

ಪಾಲು ಕೇಳದೆ ನಡೆಯುವ ವಿಮೆ ಸಾಧ್ಯವೇ ಇಲ್ಲ ಎಂದವರು ನಂಜನಗೂಡಿಗೆ ಹೋಗಿ ನೋಡಬಹುದು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೆ 21 ಸಾವಿರದೊಳಗೆ ಸಂಬಳ ಇರುವ ಕಾರ್ಮಿಕನಿಗೆ ಇಎಸ್‌ಐ ಇದೆ. ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25. ಅಷ್ಟೇ. ಆಮೇಲೆ ಮಗುವಿಗೆ ಜ್ವರ ಬಂದರೆ ಡಿಸ್ಪೆನ್ಸರಿಯಲ್ಲಿ ತೋರಿಸುವುದಕ್ಕೂ ಔಷಧಿಗೂ ಬೇರೆ ಹಣವಿಲ್ಲ. ಅಲ್ಲಿ ಔಷಧಿ ಸಾಲದು, ಸಾಲು ಉದ್ದ ಎಂಬ ದೂರುಗಳಿವೆ, ನಿಜ. ಆದರೆ ಪದ್ಧತಿ ಸರಿ ಇದೆ. ಆರೋಗ್ಯವಾಗಿದ್ದಾಗ ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟುವುದು, ಕಾಯಿಲೆ ಬಂದಾಗ ಯಾರೂ ಕಟ್ಟದಿರುವುದು. ಕರಾವಳಿಯ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಡಿಸ್ಪೆನ್ಸರಿಗಳೂ ಇದೇ ತತ್ವದ ಮೇಲೆ ಬಂದವು. ನಮ್ಮ ಎಷ್ಟೋ ಉಮ್ಮಂದಿರು ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿದಾಗ ಆ ಡಿಸ್ಪೆನ್ಸರಿಯ ಚೀಟಿಯೇ ಅವರ ವಿಮೆಯಾಗಿತ್ತು. ನಂಜನಗೂಡಿನ ಕಾರ್ಮಿಕನ ಮಗುವಿಗೆ ಸಿಗುವುದು ಮುಡುಕುತೊರೆಯ ಅಂಗಡಿಯವನ ಮಗುವಿಗೆ ಯಾಕೆ ಸಿಗಬಾರದು?

ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. 70 ವರ್ಷ ದಾಟಿದ ಎಲ್ಲರಿಗೂ ಆದಾಯ ನೋಡದೆ ಆಯುಷ್ಮಾನ್ ಅಡಿ 5 ಲಕ್ಷದ ರಕ್ಷಣೆ ಘೋಷಿಸಿತು. ಹಿರಿಯರಿಗೆ ಕಾರ್ಡಿನ ಬಣ್ಣ ನೋಡಬಾರದು ಎಂದಾದರೆ ಮಕ್ಕಳಿಗೆ ಯಾಕೆ ನೋಡಬೇಕು? ಮಕ್ಕಳಿಗೆ ಆದಾಯವೇ ಇಲ್ಲ. ಆದುದರಿಂದ ಬೇಡಿಕೆ ನೇರವಾಗಿ ಇಡುವಾ. ಒಂದು, ಆರೋಗ್ಯ ಕರ್ನಾಟಕದಲ್ಲಿ 18 ವರ್ಷದೊಳಗಿನ ಎಪಿಎಲ್ ಮಕ್ಕಳ ಶೇ. 70 ಪಾಲನ್ನು ಸರ್ಕಾರ ಮಾಫಿ ಮಾಡಲಿ. ಒಮ್ಮೆಗೇ ಆಗದಿದ್ದರೆ ಆರು ವರ್ಷದೊಳಗಿನವರಿಂದ ಶುರು ಮಾಡಲಿ. ಎರಡು, ಜನನಿ ಶಿಶು ಸುರಕ್ಷಾದ ಒಂದು ವರ್ಷದ ಗೆರೆಯನ್ನು ಐದು ವರ್ಷಕ್ಕೆ ಒಯ್ಯಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಿಗೆ ಚೀಟಿಯ ಹಣವೂ ಬೇಡ, ಹೊರಗಿನ ಮೆಡಿಕಲ್‌ಗೆ ಬರೆದುಕೊಡುವುದೂ ಬೇಡ. ಮೂರು, 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ ತಂಡ ಈಗ ಅಂಗನವಾಡಿಗೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಬಂದು ಹೃದಯದ ತೊಂದರೆ, ಕಿವಿ, ಕಣ್ಣು, ರಕ್ತಹೀನತೆ ಪರೀಕ್ಷಿಸುತ್ತದೆ. ಸಾಲ ಮಾಡಿ ಇಂಗ್ಲಿಷ್ ಮೀಡಿಯಂಗೆ ಹಾಕಿದ ಮಕ್ಕಳೂ ಈ ನಾಡಿನ ಮಕ್ಕಳೇ. ಅನುದಾನರಹಿತ ಶಾಲೆಗಳಿಗೂ ಈ ತಂಡ ಹೋಗಲಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಇದು ಒಂದು ಜಾತಿ, ಒಂದು ಕಾರ್ಡಿನವರ ಸಮಸ್ಯೆ ಅಲ್ಲ.

ಸರ್ಕಾರದಿಂದ ಕೇಳುವುದರ ಜೊತೆಗೆ ನಾವು ಮಾಡಬೇಕಾದದ್ದೂ ಇದೆ. ನಮ್ಮ ಸಮುದಾಯ ಕೊಡುವುದರಲ್ಲಿ ಹಿಂದೆ ಬಿದ್ದದ್ದಿಲ್ಲ. ಒಂದು ಮಗುವಿನ ಫೋಟೋ, ಆಸ್ಪತ್ರೆಯ ಎಸ್ಟಿಮೇಟ್, ಸ್ಕ್ಯಾನರ್ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಎರಡೇ ದಿನದಲ್ಲಿ ಲಕ್ಷಗಟ್ಟಲೆ ಸೇರುತ್ತದೆ. ಅದು ದೊಡ್ಡ ಗುಣ, ಅದನ್ನು ಯಾರೂ ಕಡಿಮೆ ಮಾಡಿ ಹೇಳಬಾರದು. ಆದರೆ ಆ ಫೋಟೋ ಬರುವುದು ಮಗು ಐಸಿಯುನಲ್ಲಿ ಇರುವಾಗ. ಅದಕ್ಕಿಂತ ಹದಿನೈದು ದಿನ ಮೊದಲು ಅದೇ ಮಗುವನ್ನು ಡಾಕ್ಟರಿಗೆ ತೋರಿಸಲು ಸ್ವಲ್ಪ ಹಣ, ಒಂದು ಗಾಡಿ ಸಿಕ್ಕಿದ್ದರೆ ಎಷ್ಟೋ ಸಲ ಆ ಫೋಟೋ ಬೇಕಾಗುತ್ತಿರಲಿಲ್ಲ. ಪ್ರತಿ ಜಮಾಅತ್ ಕಮಿಟಿ ತನ್ನ ಸಹಾಯ ನಿಧಿಯಲ್ಲಿ ಒಂದು ಪಾಲನ್ನು ಮಕ್ಕಳ ಹೊರರೋಗಿ ಖರ್ಚಿಗೆಂದೇ ತೆಗೆದಿಡಲಿ. ಅರ್ಜಿ, ಶಿಫಾರಸು, ನಾಲ್ಕು ಜನರ ಸಹಿ ಬೇಡ. ಮಗುವಿಗೆ ಹುಷಾರಿಲ್ಲ ಎಂದು ತಾಯಿ ಹೇಳಿದರೆ ಸಾಕು. ಊರಿನ ಎಲ್ಲ ಮಕ್ಕಳಿಗೂ ಅದು ಸಿಗಲಿ.

ಎರಡನೆಯದು ಕಾಗದದ ಕೆಲಸ. ಮಗು ಹುಟ್ಟಿ ಎರಡು-ಮೂರು ವರ್ಷವಾದರೂ ರೇಷನ್ ಕಾರ್ಡಿಗೆ ಹೆಸರು ಸೇರಿಸದ ಮನೆಗಳು ಬಹಳ. ಕಾರ್ಡಿನಲ್ಲಿ ಹೆಸರಿಲ್ಲದಿದ್ದರೆ ವಿಮೆಯಲ್ಲೂ ಹೆಸರು ಹುಡುಕಬೇಕಾಗುತ್ತದೆ, ಅದೂ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಲ್ಲಿ ನಿಂತಾಗ. ಐದು ವರ್ಷದೊಳಗಿನ ಮಗುವಿನ ಬಾಲ ಆಧಾರ್‌ಗೆ ಬೆರಳಚ್ಚೂ ಬೇಡ, ಜನನ ಪ್ರಮಾಣಪತ್ರ ಮತ್ತು ತಂದೆ ಅಥವಾ ತಾಯಿಯ ಆಧಾರ್ ಇದ್ದರೆ ಆಗುತ್ತದೆ. ಆಮೇಲೆ ರೇಷನ್ ಕಾರ್ಡಿಗೆ ಸೇರಿಸಿ, ಗ್ರಾಮ ಒನ್ ಕೇಂದ್ರದಲ್ಲಿ ಆಯುಷ್ಮಾನ್ ಕಾರ್ಡು ಮಾಡಿಸಿ. ಓದಿದ ಹುಡುಗರು ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಮದ್ರಸದ ವರಾಂಡದಲ್ಲಿ ಕೂತರೆ ಒಂದು ಮೊಹಲ್ಲಾದ ಯಾವ ಮಗುವಿನ ಹೆಸರು ಬಿಟ್ಟುಹೋಗಿದೆ ಎಂದು ಪಟ್ಟಿ ಮಾಡಿಬಿಡಬಹುದು. ಎಪಿಎಲ್‌ನವರೂ ಕಾರ್ಡು ಮಾಡಿಸಲಿ. ಶೇ. 30 ಆದರೂ ಬಿಡಬಾರದು.

ಮೂರನೆಯದು, ಈ ವಿಷಯ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡುವುದು. ನಾವು ರಸ್ತೆ, ಚರಂಡಿ, ಬೀದಿದೀಪಕ್ಕೆ ಜಗಳ ಮಾಡುತ್ತೇವೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಸಿರಪ್ ಎಷ್ಟು ದಿನದಿಂದ ಇಲ್ಲ, ನೆಬ್ಯುಲೈಸರ್ ಕೆಲಸ ಮಾಡುತ್ತಿದೆಯೋ ಇಲ್ಲವೋ, ರಾತ್ರಿ ಆ್ಯಂಬುಲೆನ್ಸ್ ಎಲ್ಲಿರುತ್ತದೆ, ಇದನ್ನು ಕೇಳುವವರು ಕಡಿಮೆ. ಕೇಳಿದರೆ ಉತ್ತರ ಕೊಡಲೇಬೇಕು. ಉತ್ತರ ಸಿಗದಿದ್ದರೆ ಶಾಸಕರಿಗೆ ಒಂದು ಮನವಿ ಬರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಮುಂದಿನ ಬಜೆಟಿಗೆ ಮೊದಲು ಪ್ರತಿ ಊರಿನಿಂದ ಒಂದೊಂದು ಮನವಿ ಹೋಗಲಿ. ಮಕ್ಕಳ ಚಿಕಿತ್ಸೆಗೆ ಪಾಲು ಕೇಳಬೇಡಿ ಎಂಬ ಒಂದೇ ಸಾಲು ಅದರಲ್ಲಿ ಇದ್ದರೆ ಸಾಕು.